ಕರೆಂಟ್ ಕೊಡೋವಾಗ ಬಾಯಿ ಒಣಗದ ಹಾಗೆ ಮಾಡೋ ಮಾತ್ರೆ ಇದ್ಯಾ? ಸಪ್ಲಿಮೆಂಟ್ ಡಬ್ಬಿಗಳ ಕಥೆ

ನಮ್ಮ ಸೋದರಮಾವಂಗೆ ಕೆನ್ನೆ ಒಳಗಡೆ ಕ್ಯಾನ್ಸರ್ ಆಗಿ, ಆಪರೇಷನ್ ಮುಗಿದು, ರೇಡಿಯೇಷನ್ ಶುರು ಆಗೋಕೆ ಇನ್ನೊಂದು ವಾರ ಇದೆ ಅನ್ನೋವಾಗ ಅವರ ಮನೆಗೆ ಹೋಗಿದ್ದೆ. ಊಟದ ಟೇಬಲ್ ಮೇಲೆ ಉಪ್ಪಿನಕಾಯಿ ಜಾಡಿ ಇರ್ತಿದ್ದ ಜಾಗದಲ್ಲಿ ಏಳು ಡಬ್ಬಿ ಸಾಲಾಗಿ ನಿಂತಿದ್ವು. ವಿಟಮಿನ್ ಇ 400 ಅಂತ ಬರೆದಿರೋ ಹಸಿರು ಕ್ಯಾಪ್ಸೂಲು, ಅದೇ, ಹುಡುಗೀರು ಚುಚ್ಚಿ ಮುಖಕ್ಕೆ ಹಚ್ಕೊಳ್ತಾರಲ್ಲ ಅದು. ಲೈಕೋಪೀನ್ ಇರೋ ಕೆಂಪು ಕ್ಯಾಪ್ಸೂಲು. ಜಿಂಕ್ ಮಾತ್ರೆ. ಯಾರೋ ಕೊಟ್ಟ ಅಮೃತಬಳ್ಳಿ ಜ್ಯೂಸು. ಲಕ್ಷ್ಮಣ ಫಲದ ಎಲೆ ಪುಡಿ. ಒಂದು ಪ್ರೋಟೀನ್ ಪೌಡರು. ಇನ್ನೊಂದು ಏನು ಅಂತ ಕೊಟ್ಟವರಿಗೂ ಗೊತ್ತಿರಲಿಲ್ಲ. "ಕರೆಂಟ್ ಕೊಟ್ರೆ ಬಾಯಿ ಬತ್ತಿ ಹೋಗತ್ತಂತೆ, ಮೊದಲೇ ಇದೆಲ್ಲ ತಗೊಂಡ್ರೆ ಕಾಪಾಡತ್ತಂತೆ" ಅಂದ್ರು ಅತ್ತೆ. ನಮ್ ಕಡೆ ರೇಡಿಯೇಷನ್‌ಗೆ ಕರೆಂಟ್ ಅಂತಾನೇ ಹೇಳೋದು, ಎಷ್ಟೋ ಜನಕ್ಕೆ ಆ ಮಾತಿನಿಂದಾನೇ ಅರ್ಧ ಭಯ.

ಆ ಏಳು ಡಬ್ಬಿ ನೋಡಿದ ಮೇಲೆ ನಾನು ಇದರ ಬಗ್ಗೆ ಓದೋಕೆ ಕೂತೆ, ಡಾಕ್ಟರ್ ಹತ್ರ ಕೇಳ್ದೆ, ರೇಡಿಯೇಷನ್ ಡೋಸ್ ಲೆಕ್ಕ ಹಾಕೋ ಫಿಸಿಸಿಸ್ಟ್ ಹತ್ರ ಕೇಳಿ ಸ್ವಲ್ಪ ಬೈಸ್ಕೊಂಡೆ ಕೂಡ. ನಾನು ಡಾಕ್ಟರ್ ಅಲ್ಲ, ಇದನ್ನ ಪ್ರಿಸ್ಕ್ರಿಪ್ಷನ್ ಅನ್ಕೋಬೇಡಿ. ಆದ್ರೆ ಆ ಟೇಬಲ್ ಕರ್ನಾಟಕದಲ್ಲಿ ಎಷ್ಟು ಮನೇಲಿರತ್ತೆ ಅಂತ ಯೋಚಿಸಿದ್ರೆ ಬರೀಬೇಕು ಅನ್ನಿಸ್ತು. ಭಾರತದಲ್ಲಿ ಗಂಡಸರಿಗೆ ಬರೋ ಕ್ಯಾನ್ಸರ್‌ಗಳಲ್ಲಿ ಬಾಯಿ ಕ್ಯಾನ್ಸರೇ ಮೊದಲನೇ ಸ್ಥಾನದಲ್ಲಿರೋದು, ಗುಟ್ಕಾ, ಹೊಗೆಸೊಪ್ಪು, ಅಡಿಕೆ ದಯೆಯಿಂದ.

ಮೊದಲು ಎಂಜಲಿನ ವಿಷಯ. ಎಂಜಲು ಅಂದ್ರೆ ನಮಗೆ ಮೂಗು ಮುರಿಯೋ ವಸ್ತು, ಎಂಜಲು ತಟ್ಟೆ, ಎಂಜಲು ಕೈ, ಮುಟ್ಬೇಡ ತೊಳ್ಕೊ ಅಂತ ಚಿಕ್ಕಂದಿನಿಂದ ಕೇಳಿರೋದು. ಅದೇ ಎಂಜಲು ದಿನಕ್ಕೆ ಅರ್ಧ ಲೀಟರಿಂದ ಒಂದೂವರೆ ಲೀಟರ್ ತನಕ ನಮ್ಮ ಬಾಯಲ್ಲಿ ಊರ್ತಾ ಇರತ್ತೆ, ಗೊತ್ತೇ ಆಗಲ್ಲ. ಊರಿಸೋದು ಮೂರು ಜೊತೆ ದೊಡ್ಡ ಗ್ರಂಥಿ, ಜೊತೆಗೆ ತುಟಿ, ಕೆನ್ನೆ, ಅಂಗುಳ ಎಲ್ಲಾ ಕಡೆ ಹರಡಿರೋ ನೂರಾರು ಪುಟ್ಟ ಗ್ರಂಥಿಗಳು. ದೊಡ್ಡದ್ರಲ್ಲಿ ದೊಡ್ಡದು ಪರೋಟಿಡ್, ಕಿವಿ ಮುಂದೆ ಕೆಳಗೆ ಇರೋದು. ಮಂಗನಬಾವು ಬಂದಾಗ, ಕೆಲವು ಕಡೆ ಕೆಪ್ಪಟೆ ಅಂತಾರೆ, ಊದ್ಕೊಳ್ಳೋದು ಇದೇ. ಊಟ ಮಾಡೋವಾಗ ನೀರಿನ ಹಾಗೆ ಸುರಿಯೋ ಎಂಜಲು ಹೆಚ್ಚಾಗಿ ಇಲ್ಲಿಂದ ಬರೋದು. ಸುಮ್ನೆ ಕೂತಾಗ, ಮಲಗಿದಾಗ ಬಾಯಿ ಒದ್ದೆ ಇಡೋದು ಮುಖ್ಯವಾಗಿ ದವಡೆ ಕೆಳಗಿರೋ ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿ. ಈ ವ್ಯತ್ಯಾಸ ನೆನಪಲ್ಲಿಟ್ಕೊಳ್ಳಿ, ಯಾಕಂದ್ರೆ ಊಟ ಪರವಾಗಿಲ್ಲ, ರಾತ್ರಿ ಎರಡು ಗಂಟೆಗೆ ನಾಲಿಗೆ ಅಂಗುಳಕ್ಕೆ ಅಂಟ್ಕೊಂಡು ಎಚ್ಚರ ಆಗತ್ತೆ ಅಂತ ಪೇಷೆಂಟ್ ಹೇಳೋದರ ಹಿಂದೆ ಇರೋದು ಇದೇ.

ಇನ್ನು ರೇಡಿಯೇಷನ್. ಆಪರೇಷನ್ ಆದವರಿಗೆ ಸಾಮಾನ್ಯವಾಗಿ 60 ಗ್ರೇ, ಆಪರೇಷನ್ ಇಲ್ಲದೆ ಬರೀ ರೇಡಿಯೇಷನ್ ಕೀಮೋ ಅಂತಾದ್ರೆ 70 ಗ್ರೇ ಹತ್ರ, ದಿನಕ್ಕೆ 2 ಗ್ರೇ ಲೆಕ್ಕದಲ್ಲಿ ವಾರಕ್ಕೆ ಐದು ದಿನ, ಒಟ್ಟು ಆರೇಳು ವಾರ. ಗ್ರೇ ಅನ್ನೋದು ಡೋಸಿನ ಅಳತೆ ಅಷ್ಟೇ, ಸಕ್ಕರೆಗೆ ಗ್ರಾಂ ಇದ್ದ ಹಾಗೆ. ಎಂಜಲು ಊರಿಸೋ ಜೀವಕೋಶಗಳ ವಿಚಿತ್ರ ಏನಂದ್ರೆ, ರೇಡಿಯೇಷನ್ ಸಾಮಾನ್ಯವಾಗಿ ಬೇಗ ಬೇಗ ಒಡೆದು ಬೆಳೆಯೋ ಜೀವಕೋಶಕ್ಕೆ ಜಾಸ್ತಿ ಹೊಡೆಯತ್ತೆ, ಇವು ತುಂಬಾ ನಿಧಾನದ ಜೀವಕೋಶಗಳು, ಆದ್ರೂ ಮೊದಲ ವಾರದಲ್ಲೇ ನೆಲ ಕಚ್ಚತ್ವೆ. ಐದಾರು ಸಿಟಿಂಗ್ ಆಗೋಷ್ಟರಲ್ಲಿ ಎಂಜಲು ಅರ್ಧಕ್ಕಿಂತ ಕಮ್ಮಿ ಆಗಬಹುದು. ಮಾವಂಗೆ ಎರಡನೇ ವಾರದಲ್ಲಿ ಬಾಯಲ್ಲಿ ಎಂಜಲು ಅನ್ನೋದು ಹೋಗಿ ಅಂಟು ಅನ್ನೋದು ಬಂತು, ಗೋಂದು ತರ, ಉಗುಳಿದ್ರೆ ದಾರ ಎಳೆಯೋದು. ನೀರಿನ ಭಾಗ ಹೋಗಿ ಲೋಳೆ ಭಾಗ ಉಳ್ಕೊಂಡ್ರೆ ಹೀಗಾಗತ್ತೆ. ಮೂರನೇ ವಾರ ಟೀಗೆ ಅದ್ದದೆ ಒಂದು ಮಾರಿ ಬಿಸ್ಕೆಟ್ ತಿನ್ನೋಕೆ ಹೋಗಿ ಬಾಯಲ್ಲಿ ಸಿಮೆಂಟ್ ಆಯ್ತು ಅಂತ ಬೆರಳು ಹಾಕಿ ತೆಗೆದ್ರು. ಒಣ ಬಿಸ್ಕೆಟ್ ನೀರಿಲ್ಲದೆ ನುಂಗೋಕೆ ಆಗತ್ತಾ ಅಂತ ಡಾಕ್ಟರ್‌ಗಳೂ ಕೇಳ್ತಾರೆ, ಅದೂ ಒಂದು ತರ ಟೆಸ್ಟೇ.

ಒಣಗೋದು ಅಂದ್ರೆ ಬರೀ ದಾಹ ಅಲ್ಲ. ಎಂಜಲು ಹುಳಿಯನ್ನ ತಡೆಯತ್ತೆ, ಹಲ್ಲಿಗೆ ಕ್ಯಾಲ್ಸಿಯಂ ವಾಪಸ್ ಕೊಡತ್ತೆ, ಫಂಗಸ್ ಹಿಡಿತದಲ್ಲಿಡತ್ತೆ, ರುಚಿಯನ್ನ ನಾಲಿಗೆ ತನಕ ಕೊಂಡೊಯ್ಯತ್ತೆ. ಅದು ಹೋದ್ರೆ ಹಲ್ಲು ಬುಡದ ಹತ್ರ ಕಪ್ಪಾಗಿ ಉದುರೋಕೆ ಶುರು ಆಗತ್ತೆ, ಆಮೇಲೆ ರೇಡಿಯೇಷನ್ ತಿಂದ ದವಡೆಯಿಂದ ಹಲ್ಲು ಕೀಳಿಸೋದು ಇನ್ನೊಂದು ರಿಸ್ಕು, ಮೂಳೆ ವಾಸಿ ಆಗದೆ ಕೊಳೆಯೋ ಸಾಧ್ಯತೆ ಇರತ್ತೆ. ಅದಕ್ಕೇ ರೇಡಿಯೇಷನ್‌ಗೆ ಮುಂಚೆ ಡೆಂಟಿಸ್ಟ್ ಹತ್ರ ಕಳ್ಸೋದು. ಸುಮ್ನೆ ಬಿಲ್ ಮಾಡೋಕೆ ಕಳ್ಸ್ತಾರೆ ಅಂತ ನಮ್ಮನೇಲಿ ಒಬ್ರು ಗೊಣಗಿದ್ರು, ಹಾಗಲ್ಲ ಅದು.

ಈಗ ಹಸಿರು ಕ್ಯಾಪ್ಸೂಲಿಗೆ ಬರೋಣ. ಯಾಕೆ ಎಲ್ಲರಿಗೂ ಆ್ಯಂಟಿ ಆಕ್ಸಿಡೆಂಟ್ ಕೊಡ್ಬೇಕು ಅನ್ಸತ್ತೆ ಅಂದ್ರೆ ಅದರ ಹಿಂದೆ ಲಾಜಿಕ್ ಇದೆ, ಮೂಢನಂಬಿಕೆ ಅಲ್ಲ. ಎಕ್ಸ್‌ರೇ ಜೀವಕೋಶದ ಒಳಗೆ ಹೋಗಿ ಅಲ್ಲಿರೋ ನೀರನ್ನೇ ಒಡೆಯತ್ತೆ, ಒಡೆದ ನೀರಿಂದ ಹೈಡ್ರಾಕ್ಸಿಲ್ ರಾಡಿಕಲ್ ಅನ್ನೋ ಪುಂಡ ಹುಟ್ತಾನೆ, ಅವನು ಕ್ಷಣಾರ್ಧದಲ್ಲಿ ಪಕ್ಕದಲ್ಲಿರೋ ಡಿಎನ್‌ಎ ಕಚ್ಚಿ ಹಾಕ್ತಾನೆ. ಡಿಎನ್‌ಎಗೆ ಆಗೋ ಹಾನಿಯಲ್ಲಿ ಸುಮಾರು ಮೂರನೇ ಎರಡು ಪಾಲು ಹೀಗೆ ಸುತ್ತು ಬಳಸಿ ಆಗೋದು, ಕಿರಣ ನೇರವಾಗಿ ಹೊಡೆಯೋದು ಕಮ್ಮಿ. ವಿಟಮಿನ್ ಇ, ಸಿ, ಬೀಟಾ ಕ್ಯಾರೋಟಿನ್, ಲೈಕೋಪೀನ್ ಇವೆಲ್ಲ ಆ್ಯಂಟಿ ಆಕ್ಸಿಡೆಂಟ್‌ಗಳು, ಅಂದ್ರೆ ರಾಡಿಕಲ್‌ಗಳನ್ನ ತಣ್ಣಗೆ ಮಾಡೋ ವಸ್ತುಗಳು. ಹಾಗಾದ್ರೆ ಮುಂಚೆನೇ ತುಂಬ್ಕೊಂಡ್ರೆ ಗ್ರಂಥಿ ಉಳಿಯತ್ತಲ್ವಾ?

ಉಳಿಯಬಹುದು. ತೊಂದರೆ ಏನಂದ್ರೆ ಕ್ಯಾನ್ಸರ್ ಗಡ್ಡೆ ಸಾಯೋದೂ ಅದೇ ರಾಡಿಕಲ್‌ನಿಂದ. ಗದ್ದೆಗೆ ಕಳೆನಾಶಕ ಹೊಡೆಯೋ ಮುಂಚೆ ಪೈರಿಗೆ ಪೆಟ್ಟಾಗಬಾರ್ದು ಅಂತ ಇಡೀ ಗದ್ದೆ ಮೇಲೆ ಟಾರ್ಪಾಲ್ ಹೊದಿಸಿದ ಹಾಗೆ, ಪೈರೂ ಉಳಿಯತ್ತೆ, ಕಳೆಯೂ ಉಳಿಯತ್ತೆ. ನುಂಗಿದ ಕ್ಯಾಪ್ಸೂಲಿಗೆ ಪರೋಟಿಡ್ ಯಾವ್ದು ಗಡ್ಡೆಯ ಬೇರು ಯಾವ್ದು ಅಂತ ವಿಳಾಸ ಗೊತ್ತಿರಲ್ಲ.

ಇದು ಬರೀ ಊಹೆ ಆಗಿದ್ರೆ ನಾನೂ ಅಷ್ಟು ತಲೆ ಕೆಡಿಸ್ಕೊಳ್ತಿರಲಿಲ್ಲ. ಕೆನಡಾದ ಕ್ವಿಬೆಕ್‌ನಲ್ಲಿ ಒಂದು ದೊಡ್ಡ ಟ್ರಯಲ್ ನಡೀತು, 540 ಜನ ತಲೆ ಕುತ್ತಿಗೆ ಕ್ಯಾನ್ಸರ್ ಪೇಷೆಂಟ್‌ಗಳು. ಅರ್ಧ ಜನಕ್ಕೆ ದಿನಾ ವಿಟಮಿನ್ ಇ 400 ಯೂನಿಟ್, ಜೊತೆಗೆ ಬೀಟಾ ಕ್ಯಾರೋಟಿನ್ 30 ಮಿಲಿಗ್ರಾಂ, ಉಳಿದವರಿಗೆ ಏನೂ ಇಲ್ಲದ ಡಮ್ಮಿ ಕ್ಯಾಪ್ಸೂಲು, ಯಾರಿಗೆ ಏನು ಅಂತ ಪೇಷೆಂಟ್‌ಗೂ ಗೊತ್ತಿಲ್ಲ ಡಾಕ್ಟರ್‌ಗೂ ಗೊತ್ತಿಲ್ಲ. ರೇಡಿಯೇಷನ್ ನಡೆಯೋ ಅಷ್ಟು ದಿನ, ಆಮೇಲೆ ಮೂರು ವರ್ಷ ತಗೋಬೇಕಿತ್ತು. ಮೊದಲ 156 ಜನ ಸೇರೋಷ್ಟರಲ್ಲಿ ಬೀಟಾ ಕ್ಯಾರೋಟಿನ್ ನಿಲ್ಸಿಬಿಟ್ರು, ಯಾಕಂದ್ರೆ ಆ ಹೊತ್ತಿಗೆ ಬೇರೆ ಕಡೆಯಿಂದ ಕೆಟ್ಟ ಸುದ್ದಿ ಬಂದಿತ್ತು. ಫಿನ್‌ಲ್ಯಾಂಡ್‌ನಲ್ಲಿ ಇಪ್ಪತ್ತೊಂಬತ್ತು ಸಾವಿರ ಸಿಗರೇಟ್ ಸೇದೋ ಗಂಡಸರ ಮೇಲೆ ನಡೆದು 1994ರಲ್ಲಿ ಹೊರಬಂದ ಟ್ರಯಲ್‌ನಲ್ಲಿ ಬೀಟಾ ಕ್ಯಾರೋಟಿನ್ ತಗೊಂಡವರಿಗೆ ಶ್ವಾಸಕೋಶದ ಕ್ಯಾನ್ಸರ್ ಕಮ್ಮಿ ಆಗೋ ಬದಲು ಶೇಕಡಾ 18ರಷ್ಟು ಹೆಚ್ಚಾಗಿತ್ತು. ಹಾಗಾಗಿ ಕ್ವಿಬೆಕ್‌ನಲ್ಲಿ ಮುಂದೆ ಬರೀ ವಿಟಮಿನ್ ಇ.

ರಿಸಲ್ಟ್ 2005ರಲ್ಲಿ ಬಂತು, ಅದನ್ನ ಓದೋವಾಗ ಮೊದಲರ್ಧ ಖುಷಿ ಆಗತ್ತೆ. ಎರಡೂ ಸೇರಿಸಿ ತಗೊಂಡವರಿಗೆ ಚಿಕಿತ್ಸೆ ಸಮಯದ ಸೈಡ್ ಎಫೆಕ್ಟ್ ನಿಜವಾಗ್ಲೂ ಕಮ್ಮಿ ಇತ್ತು. ಅಂದ್ರೆ ಟಾರ್ಪಾಲ್ ಕೆಲಸ ಮಾಡ್ತು! ಆದ್ರೆ ವಿಟಮಿನ್ ತಗೊಂಡ ಇಡೀ ಗುಂಪಲ್ಲಿ ಅದೇ ಜಾಗದಲ್ಲಿ ಕ್ಯಾನ್ಸರ್ ವಾಪಸ್ ಬರೋದು ಜಾಸ್ತಿ ಇರೋ ಹಾಗೆ ಕಾಣ್ತು. ಕ್ಯಾಪ್ಸೂಲ್ ತಗೊಳ್ತಿದ್ದ ಅವಧಿಯಲ್ಲಿ ಹೊಸದಾಗಿ ಎರಡನೇ ಕ್ಯಾನ್ಸರ್ ಬರೋದೂ ಹೆಚ್ಚಾಗಿತ್ತು, ನಿಲ್ಸಿದ ಮೇಲೆ ಆ ವ್ಯತ್ಯಾಸ ಸಮ ಆಯ್ತು. 2006ರಲ್ಲಿ ಸಾವಿನ ಲೆಕ್ಕ ಬಂತು, ವಿಟಮಿನ್ ಗುಂಪಲ್ಲಿ ಸಾವಿನ ಪ್ರಮಾಣ ಶೇಕಡಾ 38ರಷ್ಟು ಮೇಲೆ. 2008ರಲ್ಲಿ ಇನ್ನೂ ಬಿಡಿಸಿ ನೋಡಿದಾಗ, ಕೆಟ್ಟ ಪರಿಣಾಮ ಇದ್ದಿದ್ದು ರೇಡಿಯೇಷನ್ ನಡೀತಿರೋವಾಗ್ಲೂ ಸಿಗರೇಟ್ ಬಿಡದೆ ಇದ್ದವರಲ್ಲಿ ಅಂತ ಗೊತ್ತಾಯ್ತು. ಅಂದ್ರೆ ಕದ್ದು ಮುಚ್ಚಿ ಬೀಡಿ ಎಳೀತಾ, ಇನ್ನೊಂದು ಕಡೆ ವಿಟಮಿನ್ ನುಂಗ್ತಾ ಇರೋರಿಗೆ ಎಲ್ಲಕ್ಕಿಂತ ಅಪಾಯ. ನಮ್ಮ ಕಡೆ ಇಂಥವರು ಎಷ್ಟು ಮಂದಿ ಅಂತ ನಾನು ಹೇಳ್ಬೇಕಾಗಿಲ್ಲ, ಆಸ್ಪತ್ರೆ ಗೇಟಿನ ಆಚೆ ಟೀ ಅಂಗಡಿ ಹತ್ರ ಹತ್ತು ನಿಮಿಷ ನಿಂತ್ರೆ ಸಾಕು.

ಒಂದೇ ಟ್ರಯಲ್ ನಂಬ್ಕೊಂಡು ಹೇಳ್ತಿದೀರಾ ಅಂತ ಕೇಳಬಹುದು, ಸರಿಯಾದ ಪ್ರಶ್ನೆ. ಎದುರು ಸಾಕ್ಷಿ ಇದೆ, ಇಲ್ಲ ಅಂತಲ್ಲ. ಕೊರಿಯಾದಲ್ಲಿ ವಿಟಮಿನ್ ಇ ಮತ್ತು ಸಿ ಕೊಟ್ಟು ನೋಡಿದ ಒಂದು ಚಿಕ್ಕ ಟ್ರಯಲ್‌ನಲ್ಲಿ, ಐವತ್ತಕ್ಕಿಂತ ಕಮ್ಮಿ ಜನ, ಆರು ತಿಂಗಳಿಗೆ ಬಾಯಿ ಒಣಗೋದು ಸ್ವಲ್ಪ ಕಮ್ಮಿ ಕಾಣ್ತು. ಆದ್ರೆ ಅಷ್ಟು ಜನರಲ್ಲಿ ಬಾಯಿ ಒದ್ದೆ ಇದೆಯಾ ಅಂತ ಅಳೀಬಹುದೇ ಹೊರತು ಕ್ಯಾನ್ಸರ್ ವಾಪಸ್ ಬಂತಾ, ಎಷ್ಟು ಜನ ಉಳಿದ್ರು ಅಂತ ತೀರ್ಮಾನ ಹೇಳೋಕೆ ಆಗಲ್ಲ. ನನಗೆ ಇಡೀ ವಿಷಯದಲ್ಲಿ ಮುಖ್ಯ ಅನ್ಸಿದ್ದೇ ಇದು. ಒಂದು ಸಪ್ಲಿಮೆಂಟ್ ಚೆನ್ನಾಗಿದೆ ಅಂತ ಯಾರಾದ್ರೂ ವಾಟ್ಸಾಪ್ ಕಳ್ಸಿದ್ರೆ ಎರಡು ಪ್ರಶ್ನೆ ಬೇರೆ ಬೇರೆ ಕೇಳ್ಬೇಕು, ಬಾಯಿ ಒಣಗೋದು ತಡೀತಾ ಅನ್ನೋದು ಒಂದು, ಗಡ್ಡೆಗೂ ಕೊಡೆ ಹಿಡೀತಾ ಅನ್ನೋದು ಇನ್ನೊಂದು, ಎರಡನೇದಕ್ಕೆ ಉತ್ತರ ಸಿಗೋಕೆ ನೂರಾರು ಜನ ಮತ್ತೆ ಎಷ್ಟೋ ವರ್ಷ ಬೇಕು. ಬಾಯಿ ಒಣಗೋದರ ಬಗ್ಗೆ ಅಂತಾನೇ 2021ರಲ್ಲಿ ಕ್ಯಾನ್ಸರ್ ತಜ್ಞರ ಅಂತರರಾಷ್ಟ್ರೀಯ ಸಂಘಗಳು ಸೇರಿ ಮಾಡಿದ ಗೈಡ್‌ಲೈನ್‌ನಲ್ಲಿ ಇದನ್ನ ನೇರವಾಗಿ ಬರೆದಿದ್ದಾರೆ, ಎಂಜಲು ಗ್ರಂಥಿ ಉಳಿಸೋಕೆ ಅಂತ ವಿಟಮಿನ್ ಇ ಆಗಲಿ ಬೇರೆ ಆ್ಯಂಟಿ ಆಕ್ಸಿಡೆಂಟ್ ಆಗಲಿ ಕೊಡಬೇಡಿ, ಉಪಯೋಗಕ್ಕೆ ಸಾಕಷ್ಟು ಸಾಕ್ಷಿ ಇಲ್ಲ, ಕ್ಯಾನ್ಸರ್ ಫಲಿತಾಂಶ ಕೆಡೋ ಸಾಧ್ಯತೆ ಇದೆ ಅಂತ.

ಲೈಕೋಪೀನ್ ಡಬ್ಬಿ ಬಗ್ಗೆ ಪ್ರತ್ಯೇಕವಾಗಿ ಹೇಳ್ಬೇಕು, ಇದು ನಮ್ಮ ದೇಶದ್ದೇ ಸಮಸ್ಯೆ. ಅಡಿಕೆ ಗುಟ್ಕಾ ಅಗಿದು ಅಗಿದು ಬಾಯಿ ಬಿಗಿಯಾಗಿ ಎರಡು ಬೆರಳೂ ಒಳಗೆ ಹೋಗದ ಹಾಗೆ ಆಗತ್ತಲ್ಲ, ಸಬ್‌ಮ್ಯೂಕಸ್ ಫೈಬ್ರೋಸಿಸ್ ಅಂತಾರೆ, ಅದಕ್ಕೆ ಡೆಂಟಿಸ್ಟ್‌ಗಳು ಲೈಕೋಪೀನ್ ಇರೋ ಆ್ಯಂಟಿ ಆಕ್ಸಿಡೆಂಟ್ ಕ್ಯಾಪ್ಸೂಲ್ ಬರೆಯೋದು ಇಲ್ಲಿ ಮಾಮೂಲಿ. ಮಾವಂಗೂ ಐದು ವರ್ಷದ ಹಿಂದೆ ಬರೆದಿದ್ರು. ಆ ಕಾಯಿಲೆಗೆ ಅದು ಆಗ ಸರಿ ಇರಬಹುದು. ಆಮೇಲೆ ಅದೇ ಬಾಯಲ್ಲಿ ಕ್ಯಾನ್ಸರ್ ಬಂದು ರೇಡಿಯೇಷನ್ ಶುರು ಆಗೋವಾಗ ಹಳೇ ಮಾತ್ರೆ ನಿಲ್ಸಿ ಅಂತ ಯಾರೂ ಹೇಳಿರಲ್ಲ, ಏನೇನು ತಗೊಳ್ತಿದೀರಾ ಅಂತ ಕೇಳಿದ್ರೆ ಪೇಷೆಂಟ್ ಬಿಪಿ ಮಾತ್ರೆ ಶುಗರ್ ಮಾತ್ರೆ ಅಷ್ಟೇ ಹೇಳೋದು, ವಿಟಮಿನ್ ಅನ್ನೋದು ಯಾರ ಲೆಕ್ಕದಲ್ಲೂ ಔಷಧಿ ಅಲ್ಲ. ನಾವು ಹೋದ ಕಡೆನೂ ಹಾಗೇ ಆಯ್ತು, ಫಾರಂನಲ್ಲಿ ಆ ಕಾಲಂ ಖಾಲಿ ಬಿಟ್ಟಿದ್ರು. ಕೊನೆಗೆ ಅತ್ತೆ ಏಳೂ ಡಬ್ಬಿನ ಒಂದು ಬಟ್ಟೆ ಅಂಗಡಿ ಕವರಲ್ಲಿ ಹಾಕ್ಕೊಂಡು ಹೋಗಿ ಡಾಕ್ಟರ್ ಮೇಜಿನ ಮೇಲೆ ಸುರಿದ್ರು. ಅದೇ ಸರಿಯಾದ ವಿಧಾನ ನನ್ನ ಪ್ರಕಾರ, ಹೆಸರು ಹೇಳೋಕೆ ಹೋಗ್ಬೇಡಿ, ಡಬ್ಬಿನೇ ತಗೊಂಡ್ಹೋಗಿ.

ಹಾಗಾದ್ರೆ ಹಣ್ಣು ತರಕಾರೀನೂ ತಿನ್ನಬಾರ್ದಾ ಅಂತ ಅತ್ತೆ ಗಾಬರಿ ಆದ್ರು. ತಿನ್ನಿ, ಧಾರಾಳವಾಗಿ. ಲೆಕ್ಕ ನೋಡಿ. ದೊಡ್ಡವರಿಗೆ ದಿನಕ್ಕೆ ಬೇಕಾಗೋ ವಿಟಮಿನ್ ಇ 15 ಮಿಲಿಗ್ರಾಂ ಆಸುಪಾಸು. 100 ಗ್ರಾಂ ಕಡಲೆಕಾಯಿ ಬೀಜದಲ್ಲಿ ಸುಮಾರು 8 ಮಿಲಿಗ್ರಾಂ ಇರತ್ತೆ. ಕ್ವಿಬೆಕ್‌ನವರು ಕೊಟ್ಟ 400 ಯೂನಿಟ್ ಊಟದಿಂದ ಬರಬೇಕು ಅಂದ್ರೆ ದಿನಕ್ಕೆ ಎರಡು ಕೆಜಿಗಿಂತ ಜಾಸ್ತಿ ಕಡಲೆಕಾಯಿ ಬೀಜ ತಿನ್ನಬೇಕು, ಬಸವನಗುಡಿ ಕಡಲೆಕಾಯಿ ಪರಿಷೆಗೆ ಹೋದ್ರೂ ಆಗಲ್ಲ ಅದು. ತಟ್ಟೇಲಿರೋ ಟೊಮ್ಯಾಟೊ ಸಾರು, ಪಪ್ಪಾಯ, ಕ್ಯಾರೆಟ್ ಪಲ್ಯ ಬೇರೆ ವಿಷಯ, ಕ್ಯಾಪ್ಸೂಲಿನ ಡೋಸ್ ಬೇರೆ ವಿಷಯ.

ಜಿಂಕ್ ಬಗ್ಗೆ ಬೇಗ ಮುಗಿಸ್ತೀನಿ. ಅದನ್ನ ಹೆಚ್ಚಾಗಿ ಕೊಡೋದು ರುಚಿ ಹೋಗಬಾರ್ದು ಅಂತ, ಎಂಜಲಿಗಲ್ಲ. ಮೊದಮೊದಲು ಬೆರಳೆಣಿಕೆ ಪೇಷೆಂಟ್‌ಗಳಲ್ಲಿ ಚೆನ್ನಾಗಿ ಕಂಡಿತ್ತು, ಆಮೇಲೆ ಅಮೆರಿಕದಲ್ಲಿ 173 ಜನರ ಮೇಲೆ ಸರಿಯಾಗಿ ಡಮ್ಮಿ ಮಾತ್ರೆ ಎದುರಿಗಿಟ್ಟು ನೋಡಿದಾಗ, 2007ರಲ್ಲಿ, ವ್ಯತ್ಯಾಸ ಸಿಗಲಿಲ್ಲ. ಅಮೃತಬಳ್ಳಿ, ಎಲೆ ಪುಡಿಗಳ ಕಥೆ ಇನ್ನೊಂದು ತರ. ರೇಡಿಯೇಷನ್ ಜೊತೆ ಸಿಸ್‌ಪ್ಲಾಟಿನ್ ಕೀಮೋ ಕೊಡೋದು ಮಾಮೂಲು, ಅದು ಕಿಡ್ನಿ ಮೇಲೆ ಭಾರ ಹಾಕೋ ಔಷಧಿ, ಅದರ ಜೊತೆ ಒಳಗೇನಿದೆ ಅಂತ ಗೊತ್ತಿಲ್ಲದ ಪುಡಿ ಕುಡಿದು ರಕ್ತದಲ್ಲಿ ಕ್ರಿಯಾಟಿನಿನ್, ಅಂದ್ರೆ ಕಿಡ್ನಿ ಸೋಲ್ತಿದೆ ಅಂತ ತೋರಿಸೋ ಅಂಶ, ಏರಿದ್ರೆ ಕೀಮೋ ಮುಂದಕ್ಕೆ ಹೋಗತ್ತೆ. ಅಮೃತಬಳ್ಳಿ ಕುಡಿದವರಲ್ಲಿ ಲಿವರ್ ಪೆಟ್ಟಾಗಿದ್ದನ್ನ ಮುಂಬೈ ಡಾಕ್ಟರ್‌ಗಳು ಕೋವಿಡ್ ಕಾಲದಲ್ಲೇ ಬರೆದಿದ್ದಾರೆ. ಗಿಡಮೂಲಿಕೆ ಅಂದ್ರೆ ಸೈಡ್ ಎಫೆಕ್ಟ್ ಇಲ್ಲ ಅನ್ನೋ ಮಾತು ನನಗೆ ಯಾವತ್ತೂ ಅರ್ಥ ಆಗಿಲ್ಲ, ಉಮ್ಮತ್ತಿನೂ ಗಿಡಾನೇ.

ಇನ್ನೊಂದು ಗೊಂದಲ ಬಿಡಿಸ್ಬೇಕು. ಬಾಯಿ ಹುಣ್ಣು ಬೇರೆ, ಬಾಯಿ ಒಣಗೋದು ಬೇರೆ. ಎರಡೂ ಒಟ್ಟಿಗೆ ಬರೋದ್ರಿಂದ ಒಂದಕ್ಕೆ ಇರೋ ಸಾಕ್ಷಿನ ಇನ್ನೊಂದಕ್ಕೆ ಹಚ್ತಾರೆ. ಜೇನುತುಪ್ಪಕ್ಕೆ ಹುಣ್ಣಿಗೆ ಅಂತಾನೇ ಇರೋ ಬೇರೆ ಗೈಡ್‌ಲೈನ್‌ನಲ್ಲಿ ಒಂದು ಮಟ್ಟದ ಒಪ್ಪಿಗೆ ಇದೆ, ಗ್ಲುಟಮಿನ್ ಅನ್ನೋ ಅಮೈನೋ ಆ್ಯಸಿಡ್‌ಗೂ ರೇಡಿಯೇಷನ್ ಕೀಮೋ ಒಟ್ಟಿಗೆ ತಗೊಳ್ಳೋರಿಗೆ ಅಂತ ಇದೆ. ಅರಿಶಿನ ನೀರಲ್ಲಿ ಬಾಯಿ ಮುಕ್ಕಳಿಸಿ ನೋಡೋ ಅಧ್ಯಯನ ನಮ್ಮ ಮಂಗಳೂರಲ್ಲೇ ನಡೆದು 2014ರಲ್ಲಿ ಪ್ರಕಟ ಆಗಿದೆ, 80 ಜನರಲ್ಲಿ, ಹುಣ್ಣು ತಡವಾಗಿ ಬಂತು ಮತ್ತೆ ಸ್ವಲ್ಪ ಸೌಮ್ಯವಾಗಿತ್ತು ಅಂತ. ಇವೆಲ್ಲ ಬಾಯಿ ಚರ್ಮದ ಹುಣ್ಣಿಗೆ. ಪರೋಟಿಡ್ ಒಳಗೆ ಸತ್ತ ಜೀವಕೋಶಕ್ಕೆ ಅರಿಶಿನದ ನೀರು ಏನು ಮಾಡೋಕಾಗತ್ತೆ. ಇನ್ನು ಜೇನುತುಪ್ಪ ಒಣಗಿದ ಬಾಯಲ್ಲಿ ಹಲ್ಲಿನ ಮೇಲೆ ಅಂಟಿ ಕೂತ್ರೆ ಹುಳುಕಿಗೆ ಹಬ್ಬ, ಶುಗರ್ ಇದ್ರಂತೂ ಕೇಳೋದೇ ಬೇಡ. ಹಾಗೇನೇ ಥೈರಾಯ್ಡ್‌ಗೆ ರೇಡಿಯೋ ಅಯೋಡಿನ್ ಕುಡಿಸೋವಾಗ ಎಂಜಲು ಗ್ರಂಥಿ ಉಳಿಸೋಕೆ ವಿಟಮಿನ್ ಇ ಕೊಟ್ಟು ನೋಡಿದ ಅಧ್ಯಯನಗಳಿವೆ, ಅದನ್ನ ತಂದು ಇಲ್ಲಿಗೆ ಜೋಡಿಸೋರೂ ಇದ್ದಾರೆ. ಅದು ಬೇರೆ ಚಿಕಿತ್ಸೆ.

ಸರಿ, ಗ್ರಂಥಿಗೆ ಮಾತ್ರ ಕೊಡೆ ಹಿಡಿಯೋ ಔಷಧಿ ಯಾರೂ ಹುಡುಕಲಿಲ್ವಾ? ಹುಡುಕಿದ್ರು, ಅದೂ ಮಜವಾದ ಜಾಗದಲ್ಲಿ. ಅಣುಬಾಂಬ್ ಬಿದ್ರೆ ಸೈನಿಕರನ್ನ ಉಳಿಸೋದು ಹೇಗೆ ಅಂತ ಶೀತಲ ಸಮರದ ಕಾಲದಲ್ಲಿ ಅಮೆರಿಕ ಸೈನ್ಯದ ವಾಲ್ಟರ್ ರೀಡ್ ಸಂಸ್ಥೆಯಲ್ಲಿ ಸಾವಿರಾರು ರಾಸಾಯನಿಕ ಮಾಡಿ ನೋಡಿದ್ರು, ಅದರಲ್ಲಿ ಡಬ್ಲ್ಯೂಆರ್ 2721 ಅನ್ನೋದು ಗೆದ್ದಿತು. ಅದೇ ಅಮಿಫಾಸ್ಟಿನ್. ಅದರ ಚಾಣಾಕ್ಷತನ ಏನಂದ್ರೆ, ಅದು ಹಾಗೇ ಕೆಲಸ ಮಾಡಲ್ಲ, ಆಲ್ಕಲೈನ್ ಫಾಸ್ಫಟೇಸ್ ಅನ್ನೋ ಕಿಣ್ವ ಅದನ್ನ ಕತ್ತರಿಸಿ ಎಬ್ಬಿಸ್ಬೇಕು, ಆ ಕಿಣ್ವ ಆರೋಗ್ಯದ ಅಂಗಾಂಶದಲ್ಲಿ ಜಾಸ್ತಿ ಗಡ್ಡೆಯಲ್ಲಿ ಕಮ್ಮಿ. ಅಂದ್ರೆ ಸ್ವಲ್ಪವಾದ್ರೂ ವಿಳಾಸ ಗೊತ್ತಿರೋ ಟಾರ್ಪಾಲ್. 2000ದಲ್ಲಿ ಬಂದ ಟ್ರಯಲ್‌ನಲ್ಲಿ ಚಿಕಿತ್ಸೆ ಸಮಯದಲ್ಲಿ ಕಾಡೋ ಮಟ್ಟಕ್ಕೆ ಬಾಯಿ ಒಣಗಿದವರು ಶೇಕಡಾ 78 ಇದ್ದಿದ್ದು 51ಕ್ಕೆ ಇಳೀತು. ಆದ್ರೆ ದಿನಾ ಸಿಟಿಂಗ್ ಮುಂಚೆ ರಕ್ತನಾಳಕ್ಕೆ ಕೊಡ್ಬೇಕು, ಸಿಕ್ಕಾಪಟ್ಟೆ ವಾಂತಿ, ಬಿಪಿ ಕುಸಿತ, ಜೊತೆಗೆ ಗಡ್ಡೆನೂ ಕಾಪಾಡತ್ತೇನೋ ಅನ್ನೋ ಅನುಮಾನ ಪೂರ್ತಿ ಹೋಗಿಲ್ಲ, ಅದಕ್ಕೇ ಈಗ ಬಳಕೆ ತುಂಬಾ ಕಮ್ಮಿ. ಇಷ್ಟು ಲೆಕ್ಕ ಹಾಕಿ ಮಾಡಿದ ಔಷಧಿಯದ್ದೇ ಈ ಗತಿ ಅಂದ್ಮೇಲೆ ಮೆಡಿಕಲ್ ಶಾಪಿನ ಕ್ಯಾಪ್ಸೂಲಿಂದ ಎಷ್ಟು ನಿರೀಕ್ಷೆ ಮಾಡೋದು.

ಎಂಜಲು ನಿಜವಾಗ್ಲೂ ಉಳಿಯೋದು ಡಬ್ಬೀಲಲ್ಲ, ಪ್ಲಾನಿಂಗ್ ರೂಮಲ್ಲಿ. ಮುಖಕ್ಕೆ ಬಿಸಿ ಪ್ಲಾಸ್ಟಿಕ್ ಜಾಲರಿ ಒತ್ತಿ ಮಾಸ್ಕ್ ಮಾಡಿ, ಸಿಟಿ ಸ್ಕ್ಯಾನ್ ತೆಗೆದು, ಆಮೇಲೆ ಒಂದು ವಾರ ಏನೂ ಮಾಡದೆ ಮನೆಗೆ ಕಳ್ಸ್ತಾರಲ್ಲ, ಸುಮ್ನೆ ಕಾಯಿಸ್ತಾರೆ ಅಂತ ನಾವು ಬೈಕೊಳ್ತೀವಲ್ಲ, ಆ ವಾರ ಅಲ್ಲಿ ಡಾಕ್ಟರ್ ಒಂದೊಂದು ಸ್ಲೈಸ್ ಮೇಲೂ ಗಡ್ಡೆ ಇದ್ದ ಜಾಗ, ಬೆನ್ನುಹುರಿ, ಎರಡು ಪರೋಟಿಡ್ ಎಲ್ಲಾ ಗೆರೆ ಹಾಕಿ ಗುರುತು ಮಾಡ್ತಾ ಇರ್ತಾರೆ. ಫಿಸಿಸಿಸ್ಟ್ ಕಂಪ್ಯೂಟರ್‌ಗೆ ಹೇಳ್ತಾರೆ, ಇಲ್ಲಿ 60 ಬೇಕು, ಪರೋಟಿಡ್‌ಗೆ ಸರಾಸರಿ 25 ದಾಟಬಾರ್ದು ಅಂತ. ಆ 25 ಸುಮ್ನೆ ಬಂದಿದ್ದಲ್ಲ, ಎರಡೂ ಪರೋಟಿಡ್‌ಗೆ ಸರಾಸರಿ 25 ಗ್ರೇ ಒಳಗೆ, ಇಲ್ಲಾ ಒಂದಕ್ಕಾದ್ರೂ 20 ಒಳಗೆ ಇಟ್ರೆ ತೀವ್ರವಾಗಿ ಒಣಗೋದು ಹೆಚ್ಚಾಗಿ ತಪ್ಪತ್ತೆ ಅಂತ ವರ್ಷಗಟ್ಟಲೆ ಅಳತೆ ಮಾಡಿ ಕಂಡ್ಕೊಂಡಿರೋ ಗಡಿ. ಸಬ್‌ಮ್ಯಾಂಡಿಬ್ಯುಲರ್‌ಗೆ 39 ಅಂತ ಹೇಳ್ತಾರೆ. ಕಿರಣಗಳ ತೀವ್ರತೆನ ಹೀಗೆ ಬಗ್ಗಿಸಿ ಕೊಡೋ ವಿಧಾನಕ್ಕೆ ಐಎಂಆರ್‌ಟಿ ಅನ್ನೋದು. ಬ್ರಿಟನ್ನಿನ ಪಾರ್‌ಸ್ಪೋರ್ಟ್ ಟ್ರಯಲ್‌ನಲ್ಲಿ, 2011ರಲ್ಲಿ ಬಂದಿದ್ದು, ಒಂದು ವರ್ಷದ ನಂತರ ಹಳೇ ವಿಧಾನದವರಲ್ಲಿ ಶೇಕಡಾ 74 ಜನಕ್ಕೆ ಕಾಡೋ ಮಟ್ಟದ ಒಣಗಿದ ಬಾಯಿ, ಐಎಂಆರ್‌ಟಿಯವರಲ್ಲಿ 38. ಮುಂಬೈಯ ಟಾಟಾ ಮೆಮೋರಿಯಲ್‌ನಲ್ಲೂ 60 ಜನರ ಮೇಲೆ ಮಾಡಿದ್ರು, ಚಿಕಿತ್ಸೆ ಸಮಯದ ಲೆಕ್ಕದಲ್ಲಿ 89ರಿಂದ 59ಕ್ಕೆ. ಯಾವ ವಿಟಮಿನ್ನೂ ಇದರ ಹತ್ರ ಬಂದಿಲ್ಲ.

ಇಲ್ಲೇ ನಾನು ಬೈಸ್ಕೊಂಡಿದ್ದು. ನಮ್ಮ ಮಾವನ ಪ್ಲಾನ್‌ನಲ್ಲಿ ಪರೋಟಿಡ್ ಸರಾಸರಿ ಎಷ್ಟಿದೆ ಅಂತ ಕೇಳಿದ್ದಕ್ಕೆ ಫಿಸಿಸಿಸ್ಟ್, "ಇದೆಲ್ಲ ನಿಮಗ್ಯಾಕೆ, ಗೂಗಲ್ ನೋಡ್ಕೊಂಡು ಬಂದ್ರಾ" ಅಂದ್ರು. ಆಮೇಲೆ ಅವರೇ ಸ್ಕ್ರೀನ್ ತಿರುಗಿಸಿ ತೋರ್ಸಿದ್ರು, ಒಳ್ಳೇ ಮನುಷ್ಯ ಪಾಪ. ಆಪರೇಷನ್ ಆದ ಎಡಗಡೆ 40ರ ಮೇಲೆ, ಅದನ್ನ ಉಳಿಸೋಕೆ ಹೋದ್ರೆ ಗಡ್ಡೆ ಇದ್ದ ಜಾಗಕ್ಕೆ ಡೋಸ್ ಕಮ್ಮಿ ಆಗತ್ತೆ, ಅದು ಬೇಡ. ಬಲಗಡೆ 19. "ಈ ಕಡೆದು ಉಳಿಯತ್ತೆ ನೋಡಿ" ಅಂತ ನೀಲಿ ಬಣ್ಣದ ಜಾಗದ ಮೇಲೆ ಪೆನ್ನು ಇಟ್ಟು ತೋರಿಸಿದ್ರು.

ಗ್ರಂಥಿ ಉಳಿಸೋಕೆ ಬೇರೆ ದಾರಿಗಳೂ ಅದೇ 2021ರ ಗೈಡ್‌ಲೈನ್‌ನಲ್ಲಿವೆ, ರೇಡಿಯೇಷನ್ ಸಮಯದಲ್ಲಿ ಬೆಥನೆಕೋಲ್ ಅನ್ನೋ ಮಾತ್ರೆ, ಆಕ್ಯುಪಂಕ್ಚರ್. ಪೈಲೋಕಾರ್ಪಿನ್ ಅಂತ ಇನ್ನೊಂದಿದೆ, ದಕ್ಷಿಣ ಅಮೆರಿಕದ ಜಬೊರಾಂಡಿ ಅನ್ನೋ ಗಿಡದ್ದು, ಅದು ಮುಂಚಿತವಾಗಿ ತಡೆಯೋಕೆ ಅಂತ ಗಟ್ಟಿ ಸಾಕ್ಷಿ ಇಲ್ಲ, ರೇಡಿಯೇಷನ್ ಮುಗಿದ ಮೇಲೆ ಉಳಿದಿರೋ ಜೀವಕೋಶನ ಹಿಂಡಿ ಎಂಜಲು ತರಿಸೋಕೆ. ಬೆವರು ಕಿತ್ಕೊಂಡು ಬರತ್ತೆ, ಆಸ್ತಮಾ ಇರೋರಿಗೆ, ಕೆಲವು ತರದ ಗ್ಲಾಕೋಮಾ ಇರೋರಿಗೆ ಆಗಲ್ಲ. ಇದ್ಯಾವುದೂ ಮನೇಲಿ ಕೂತು ಶುರು ಮಾಡೋದಲ್ಲ.

ಏಳು ಡಬ್ಬೀಲಿ ಡಾಕ್ಟರ್ ಆರನ್ನ ಪಕ್ಕಕ್ಕೆ ಇಟ್ರು, ಒಂದನ್ನ ವಾಪಸ್ ಕೊಟ್ರು, ಪ್ರೋಟೀನ್ ಪೌಡರ್. ಸಪ್ಲಿಮೆಂಟ್ ಅನ್ನೋ ಒಂದೇ ಪದದಲ್ಲಿ ಎರಡು ಬೇರೆ ಜಾತಿ ಸೇರ್ಕೊಂಡಿರೋದೇ ತೊಂದರೆ. ಊಟ ಕಮ್ಮಿ ಆದಾಗ ಊಟದ ಬದಲಿಗೆ ಬರೋ ಪ್ರೋಟೀನ್, ಕ್ಯಾಲರಿ ಒಂದು ಜಾತಿ, ಅದು ಬೇಕೇ ಬೇಕು. ದೇಹದ ತೂಕದ ಕೆಜಿಗೆ ದಿನಕ್ಕೆ 1ರಿಂದ 1.5 ಗ್ರಾಂ ಪ್ರೋಟೀನ್, 25ರಿಂದ 30 ಕ್ಯಾಲರಿ ಅನ್ನೋದು ಕ್ಯಾನ್ಸರ್ ಪೇಷೆಂಟ್‌ಗಳ ಲೆಕ್ಕ, ಅಂದ್ರೆ 60 ಕೆಜಿಯ ಮಾವಂಗೆ 60ರಿಂದ 90 ಗ್ರಾಂ ಪ್ರೋಟೀನ್. ಇದು ಬಾಯಿ ಒಣಗೋದನ್ನ ತಡೆಯಲ್ಲ. ಆದ್ರೆ ತೂಕ ಇಳಿದ್ರೆ ಮಾಸ್ಕ್ ಮುಖಕ್ಕೆ ಸಡಿಲ ಆಗತ್ತೆ, ತಲೆ ಒಳಗೆ ಅಲ್ಲಾಡತ್ತೆ, ಕುತ್ತಿಗೆ ಸಣ್ಣ ಆಗಿ ಪರೋಟಿಡ್ ಒಳಗೆ ಸರಿದು ಡೋಸ್ ಜಾಸ್ತಿ ಬೀಳೋ ಜಾಗಕ್ಕೆ ಬರತ್ತೆ. ಹಾಗೆ ನೋಡಿದ್ರೆ ಎಂಜಲು ಉಳಿಸೋ ಸಪ್ಲಿಮೆಂಟ್ ಅಂತ ಏನಾದ್ರೂ ಇದ್ರೆ ಅದು ದಿನಾ ಎರಡು ಲೋಟ ಗಟ್ಟಿ ಹಾಲಿಗೆ ಕದಡಿದ ಆ ಬೇಸರದ ಪುಡಿನೇ. ಪ್ರೋಟೀನ್ ಡಬ್ಬೀಲೂ ಹಿಂದುಗಡೆ ಓದಿ, ಕೆಲವದ್ರಲ್ಲಿ ಆ್ಯಂಟಿ ಆಕ್ಸಿಡೆಂಟ್ ಬ್ಲೆಂಡ್ ಅಂತ ಸೇರಿಸಿರ್ತಾರೆ.

ಊಟದಲ್ಲಿ ನಮ್ಮನೇಲಿ ನಡೆದಿದ್ದು ಇಷ್ಟು. ರಾಗಿ ಮುದ್ದೆ ಮೊದಲ ಎರಡು ವಾರ ನಡೀತು, ಅಗಿಯೋದೇ ಬೇಡವಲ್ಲ, ಆಮೇಲೆ ಗಂಟಲಲ್ಲಿ ಕೂತ್ಕೊಳ್ಳೋಕೆ ಶುರು ಆಗಿ ಅಂಬಲಿಗೆ ಬಂದ್ವಿ. ಖಾರ, ಹುಣಸೆ, ನಿಂಬೆ ಬಂದ್. ನಿಂಬೆಹಣ್ಣು ಚೀಪಿದ್ರೆ ಎಂಜಲು ಊರತ್ತೆ ಅಂತ ಒಬ್ರು ಹೇಳಿದ್ರು, ಹುಣ್ಣಿರೋ ಬಾಯಿಗೆ ಉರಿ, ಹಲ್ಲಿಗೆ ಹುಳಿ, ಎರಡೂ ಕಷ್ಟ. ತುಪ್ಪ ಹಾಕಿದ ಮೆತ್ತಗಿನ ಅನ್ನ, ತೊವ್ವೆ, ಮೊಟ್ಟೆ ಬುರ್ಜಿನ ಮೆತ್ತಗೆ ಮಾಡಿ, ಹುಳಿ ಇಲ್ಲದ ಮಜ್ಜಿಗೆ. ಒಂದು ಲೋಟ ನೀರಿಗೆ ಚಿಟಿಕೆ ಉಪ್ಪು ಚಿಟಿಕೆ ಅಡುಗೆ ಸೋಡಾ ಹಾಕಿ ದಿನಕ್ಕೆ ಆರೇಳು ಸಲ ಮುಕ್ಕಳಿಸೋದು, ಅಂಟು ಎಂಜಲು ಸಡಿಲ ಆಗೋಕೆ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ನಾನು ನೋಡಿಲ್ಲ. ಸುಡೋ ಆಲ್ಕೋಹಾಲ್ ಮೌತ್‌ವಾಶ್ ಬೇಡ. ಡೆಂಟಿಸ್ಟ್ ಕೊಟ್ಟ ಫ್ಲೋರೈಡ್ ದಿನಾ, ಇದು ಜೀವನ ಪೂರ್ತಿ.

ಮುಗಿದು ಒಂದೂವರೆ ವರ್ಷ ಆಯ್ತು. ಗಡಿ ದಾಟದ ಗ್ರಂಥಿ ಒಂದೆರಡು ವರ್ಷದ ತನಕ ನಿಧಾನವಾಗಿ ಚೇತರಿಸ್ಕೊಳ್ಳತ್ತೆ ಅಂತ ಹೇಳಿದ್ರು, ಹಾಗೇ ಆಗ್ತಿದೆ. ರಾತ್ರಿ ಹಾಸಿಗೆ ಪಕ್ಕ ನೀರಿನ ಬಾಟ್ಲಿ ಇನ್ನೂ ಇದೆ, ಮೊದಲು ನಾಲ್ಕು ಸಲ ಏಳ್ತಿದ್ದವರು ಈಗ ಒಂದು ಸಲ. ಹೋದ ತಿಂಗಳು ನಮ್ಮನೆಗೆ ಬಂದಾಗ ಪ್ಲೇಟಲ್ಲಿದ್ದ ಮಾರಿ ಬಿಸ್ಕೆಟ್ ಒಂದನ್ನ ಟೀಗೆ ಅದ್ದದೆ ಹಾಗೇ ಕಚ್ಚಿ, ಬಲಗಡೆ ದವಡೆಗೆ ತಳ್ಳಿ, ಐದು ನಿಮಿಷ ಅಗಿದು ನುಂಗಿದ್ರು. ಯಾರೂ ಮಾತಾಡ್ಲಿಲ್ಲ ಆ ಐದು ನಿಮಿಷ. ಆಮೇಲೆ, "ಇನ್ನೊಂದು ಬೇಡ, ಟೀ ಕೊಡು" ಅಂದ್ರು.